ಮಗನಿಗೊಂದು ಚಿಗಳಿ

ಈ ಅರಬ್ ನಾಡಿನ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ನಮ್ಮ ಮನೆಯಲ್ಲಿ ಮಗ ತನ್ನ ಕೋಣೆಯ ಬಾಗಿಲು ಹಾಕಿಕೊಳ್ಳಲು ಶುರುಮಾಡಿದ್ದ. ದನಿ ಒಡೆದಿತ್ತು. ಮೊದಲೆಲ್ಲ ಶಾಲೆಯಿಂದ ಬಂದವನೇ ಅಡುಗೆಮನೆಯ ಕಟ್ಟೆ ಹತ್ತಿ ಕೂತು ಇಡೀ ದಿನದ ಸುದ್ದಿ ಒಪ್ಪಿಸುತ್ತಿದ್ದ, ಈಗ ಏನು ಕೇಳಿದರೂ "ನಥಿಂಗ್, ಅಮ್ಮಾ." ಮಗ ಕೈತಪ್ಪಿ ಹೋಗುತ್ತಿದ್ದಾನೆಂದು ನನಗೆ ಹೆದರಿಕೆಯಾಯಿತು.

ಹೆದರಿದಾಗ ನಾನು ನಿಘಂಟು ತೆರೆಯುವವಳು. ಪ್ಯೂಬರ್ಟಿ ಪದದ ಬೇರು ಲ್ಯಾಟಿನ್ನಿನದಂತೆ. ವಯಸ್ಸಿಗೆ ಬಂದವರಿಗೂ, ಆ ವಯಸ್ಸಿನಲ್ಲಿ ಮೈಮೇಲೆ ಮೂಡುವ ರೋಮಕ್ಕೂ ಅಲ್ಲಿ ಒಂದೇ ಮಾತು. ರೋಮನ್ನರು ಚಿಗುರುಮೀಸೆ ನೋಡಿಯೇ ಹೆಸರಿಟ್ಟಿರಬೇಕು ಎಂದು ನಗು ಬಂತು. ನಮ್ಮಲ್ಲೋ? ಮೈನೆರೆಯುವುದು, ಋತುಮತಿಯಾಗುವುದು, ಎಲ್ಲವೂ ಹೆಣ್ಣುಮಕ್ಕಳಿಗೇ. ನಾನು ದೊಡ್ಡವಳಾದದ್ದು ಮೈಸೂರಿನ ನಮ್ಮ ಬೀದಿಗೆಲ್ಲ ಗೊತ್ತಾಗಿತ್ತು. ಮಣೆಯ ಮೇಲೆ ಕೂರಿಸಿ, ಆರತಿ ಎತ್ತಿ, ಎಳ್ಳು ಬೆಲ್ಲ ಕುಟ್ಟಿ ಕಟ್ಟಿದ ಚಿಗಳಿ ಉಂಡೆಯನ್ನು ಕೈಗಿಟ್ಟಿದ್ದರು. ನಾಚಿಕೆಯಿಂದ ಸತ್ತೇಹೋಗಿದ್ದೆ, ಚಿಗಳಿಯನ್ನು ಮಾತ್ರ ಬಿಟ್ಟಿರಲಿಲ್ಲ.

ಅಮ್ಮನಿಗೆ ಫೋನ್ ಮಾಡಿದೆ. "ಗಂಡುಹುಡುಗರು ದೊಡ್ಡವರಾದ್ರೆ ಏನಂತಾರಮ್ಮ?"

"ಮೀಸೆ ಬಂತು ಅಂತೀವಿ, ಅಷ್ಟೆ."

"ಅವರಿಗೆ ಚಿಗಳಿ?"

"ಗಂಡುಮಕ್ಕಳಿಗೆ ಯಾರಾದ್ರೂ ಚಿಗಳಿ ಮಾಡ್ತಾರೇನೆ? ನಿಂಗೆಲ್ಲೋ ತಲೆ ಕೆಟ್ಟಿದೆ!"

ಕೆಟ್ಟೇ ಇತ್ತು. ಎಳ್ಳು ಹುರಿದು, ಬೆಲ್ಲದ ಜೊತೆ ಮಿಕ್ಸಿಯಲ್ಲಿ ತಿರುವಿ ಉಂಡೆ ಕಟ್ಟಿದೆ. ಘಮಕ್ಕೆ ಮಗನ ಬಾಗಿಲು ತೆರೆಯಿತು.

"ಏನಿದು? ಹಬ್ಬನಾ?"

"ನಾನು ದೊಡ್ಡೋಳಾದಾಗ ನಂಗೆ ಕೊಟ್ಟಿದ್ರು. ಈಗ ನೀನು ದೊಡ್ಡೋನಾಗ್ತಿದ್ದೀಯಲ್ಲ, ಅದಕ್ಕೆ."

ಅವನ ಕಿವಿಗಳು ಕೆಂಪಾದವು. "ಅಮ್ಮಾ, ಪ್ಲೀಸ್! ಡೋಂಟ್ ಟೆಲ್ ಎನಿವನ್." ಆದರೂ ಒಂದನ್ನು ಬಾಯಿಗೆ ಹಾಕಿಕೊಂಡ. ಅಗಿಯುತ್ತಲೇ ಹೇಳಿದ: "ಅರಬಿಕ್‌ನಲ್ಲಿ ದೊಡ್ಡೋರಾಗೋದಕ್ಕೆ ಬುಲೂಗ್ ಅಂತಾರೆ. ತಲುಪೋದು ಅಂತ."

"ತಲುಪೋದು ಎಲ್ಲಿಗೋ?"

"ಐ ಡೋಂಟ್ ನೋ," ಎಂದು ಭುಜ ಕುಣಿಸಿದ.

ಅಷ್ಟರಲ್ಲಿ ಗಂಡ ಫ್ಯಾಕ್ಟರಿಯಿಂದ ಬಂದರು. ಮಗ ತಟ್ಟೆ ತೋರಿಸಿ ಕೇಳಿದ: "ಅಪ್ಪ, ನೀನು ದೊಡ್ಡೋನಾದಾಗ ಇದನ್ನ ಯಾರು ಮಾಡ್ಕೊಟ್ರು?"

"ನಂಗಾ? ಯಾರೂ ಇಲ್ಲಪ್ಪ." ಅವರು ಬಗ್ಗಿ ಶೂ ಬಿಚ್ಚತೊಡಗಿದರು. "ದನಿ ಒಡೆದಾಗ ಮನೇಲಿ ಎಲ್ಲರೂ ನಕ್ಕರು. ಆಮೇಲೆ ನಾನು ಮಾತಾಡೋದೇ ಕಮ್ಮಿ ಮಾಡ್ಬಿಟ್ಟೆ."

ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಇದು ಗೊತ್ತಿರಲಿಲ್ಲ.

ಮಗ ಒಂದು ಚಿಗಳಿ ತೆಗೆದು ಅಪ್ಪನ ಅಂಗೈಗೆ ಇಟ್ಟ. ಆಮೇಲೆ, ಉದ್ದವಾಗಿ ಬೆಳೆದ ಕಾಲುಗಳನ್ನು ಮಡಚಿಕೊಂಡು, ಅಡುಗೆಮನೆಯ ಕಟ್ಟೆ ಹತ್ತಿ ಕೂತ.