ಕಾಡಕ್ಕಿ ಅಜ್ಜಿ

ಅಜ್ಜಿಯ ಬಲಭುಜ ಎಡಭುಜಕ್ಕಿಂತ ತುಸು ಕೆಳಗಿತ್ತು. ನಡೆಯುವಾಗ ತುಂಬಿದ ಬಕೆಟ್ಟು ಹಿಡಿದವರಂತೆ ಒಂದೇ ಕಡೆಗೆ ವಾಲುತ್ತಿದ್ದರು. ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಬಾಗಿ ನಿಂತು ಏಪ್ರಿಕಾಟ್ ಆರಿಸಿದ್ದರ ಗುರುತು ಅದು.

ಎಂಬತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ಮಂಡ್ಯದಿಂದ ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್ಲಿನ ಅಪಾರ್ಟ್‌ಮೆಂಟಿಗೆ ಬಂದಿದ್ದೆ. ಯಜಮಾನರು ಕಾರು ತೆಗೆದುಕೊಂಡು ಆಫೀಸಿಗೆ ಹೋದರೆ ಸಂಜೆಯವರೆಗೆ ನಾನು, ಕಾರ್ಪೆಟ್ಟು ಹಾಸಿದ ಕೋಣೆಗಳು, ಫ್ರೀವೇ ಸದ್ದು. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಊರಿನಲ್ಲಿ ಹೈಸ್ಕೂಲು ಟೀಚರಾಗಿದ್ದವಳು ಇಲ್ಲಿ ಸೊಪ್ಪು ತರಲಿಕ್ಕೂ ಶನಿವಾರಕ್ಕೆ ಕಾಯಬೇಕಿತ್ತು.

ಒಂದು ಮಧ್ಯಾಹ್ನ ಬಾಲ್ಕನಿಯಲ್ಲಿ ಅಕ್ಕಿ ಕೇರುತ್ತಿದ್ದೆ. ಮೊರದ ಸದ್ದಿಗೆ ಪಕ್ಕದ ಮನೆಯ ವಯಸ್ಸಾದ ಹೆಂಗಸೊಬ್ಬರು ಹೊರಗೆ ಬಂದು ನೋಡುತ್ತ ನಿಂತರು. ಆಮೇಲೆ ಒಳಗಿನಿಂದ ಮರದ ತೊಗಟೆಯ ಅಗಲ ತಟ್ಟೆಯೊಂದನ್ನು ತಂದು ತೋರಿಸಿದರು. ಅದು ಅವರ ಮೊರ. ಆವತ್ತಿನಿಂದ ನಾನು ಅವರನ್ನು ಅಜ್ಜಿ ಎಂದೇ ಕರೆದೆ. ಅರ್ಥ ಹೇಳಿದಾಗ ಅವರಿಗೆ ಖುಷಿಯಾಯಿತು.

ಅಜ್ಜಿ ಮಿನ್ನೆಸೋಟಾದ ಕೆರೆಗಳ ನಡುವೆ ಹುಟ್ಟಿದ ಬುಡಕಟ್ಟಿನವರು. ನಗರಕ್ಕೆ ಹೋದರೆ ಕೆಲಸ, ಮನೆ ಕೊಡಿಸುತ್ತೇವೆಂಬ ಸರ್ಕಾರದ ಮಾತು ನಂಬಿ ಚಿಕ್ಕವಯಸ್ಸಿನಲ್ಲೇ ಇಲ್ಲಿಗೆ ಬಂದು, ಬುಡಕಟ್ಟಿನ ಹೊರಗಿನವರೊಬ್ಬರನ್ನು ಮದುವೆಯಾದರು. ಗಂಡ ತೀರಿಕೊಂಡ ಮೇಲೆ ಉಳಿದದ್ದು ಇಲ್ಲೇ ಹುಟ್ಟಿ ಬೆಳೆದ ಮಗಳು. ಅವಳಿಗೆ ಕಂಪ್ಯೂಟರ್ ಚಿಪ್ ಜೋಡಿಸುವ ಫ್ಯಾಕ್ಟರಿಯಲ್ಲಿ ಕೆಲಸ.

ತಮ್ಮೂರಿನ ಕಾಡಕ್ಕಿಯ ಮಾತು ಬಂದರೆ ಅಜ್ಜಿಯ ದನಿಯೇ ಬದಲಾಗುತ್ತಿತ್ತು. ಅದನ್ನು ಬಿತ್ತುವವರಿಲ್ಲ, ಕೆರೆಯ ನೀರಿನಲ್ಲೇ ಬೆಳೆಯುತ್ತದೆ. ಒಬ್ಬರು ದೋಣಿ ನೂಕಿದರೆ ಇನ್ನೊಬ್ಬರು ತೆನೆಯನ್ನು ಬಗ್ಗಿಸಿ ಹಗುರವಾದ ಕೋಲಿನಿಂದ ಸವರಿ ಕಾಳು ಉದುರಿಸಬೇಕು. ಮೋಟಾರು ಕೂಡದು. ಹಿರಿಯರು ತೆನೆ ಮುಟ್ಟಿ ನೋಡಿ ಹೂಂ ಅನ್ನುವವರೆಗೆ ಯಾರೂ ಕೆರೆಗೆ ಇಳಿಯುವಂತಿಲ್ಲ. ನೀರಿಗೆ ಬಿದ್ದ ಕಾಳು ಮುಂದಿನ ವರ್ಷದ್ದು.

ಒಂದು ಸೆಪ್ಟೆಂಬರಿನಲ್ಲಿ ಮಗಳು ರಜೆ ಹಾಕಿ ಅವರನ್ನು ಅಲ್ಲಿಗೆ ಕರೆದುಕೊಂಡು ಹೋದಳು. ತಮ್ಮ ದೋಣಿಯಲ್ಲಿ ಮಗಳನ್ನು ಕೂರಿಸಿಕೊಳ್ಳಬೇಕೆಂಬುದು ಅಜ್ಜಿಯ ಬಹುಕಾಲದ ಆಸೆ. ವಾಪಸು ಬಂದಾಗ ಮಗಳು ಕಾಳಿನ ಚೀಲಗಳನ್ನು ಕಾರಿನಿಂದ ಇಳಿಸದೆ ಒಬ್ಬಳೇ ಮೆಟ್ಟಿಲು ಹತ್ತಿಹೋದಳು. ನಡೆದದ್ದನ್ನು ಅಜ್ಜಿ ಹೇಳಿದರು. ಬುಡಕಟ್ಟಿನ ಕೆರೆಗೆ ಅವರ ಜನ ಮಾತ್ರ ಇಳಿಯಬಹುದು. ಅಜ್ಜಿಗೆ ಅಡ್ಡಿಯಿಲ್ಲ, ತಂದೆ ಹೊರಗಿನವನಾದ್ದರಿಂದ ಮಗಳು ಬುಡಕಟ್ಟಿಗೆ ಸೇರುವುದಿಲ್ಲ. ಆಚೆಯ ಸಾರ್ವಜನಿಕ ಕೆರೆಗೆ ಹೋದರೆ ಅಲ್ಲಿ ಆ ರಾಜ್ಯದಲ್ಲಿ ವಾಸವಿದ್ದವರಿಗಷ್ಟೇ ಲೈಸೆನ್ಸು, ಇವರಿಬ್ಬರೂ ಕ್ಯಾಲಿಫೋರ್ನಿಯಾದವರು. ಇದನ್ನು ತಿಳಿಸಿದವನು ಕೆರೆಯ ಉಸ್ತುವಾರಿ ನೋಡುವ ಹಿರಿಯ, ಅಜ್ಜಿಯ ಬಾಲ್ಯದ ಜೊತೆಗಾರ. ದೋಣಿ ನೂಕಲು ತನ್ನ ಸೋದರಳಿಯನನ್ನೇ ಕೊಟ್ಟನಂತೆ. ಅಜ್ಜಿ ಹತ್ತಿದರು. ಮಗಳು ದಡದಲ್ಲಿ ಕೂತಳು.

ನಾನು ಆ ನಿಯಮವನ್ನು ಬೈದೆ.

"ಬೈಬೇಡ," ಅಂದರು ಅಜ್ಜಿ. "ಅದಿಲ್ದಿದ್ರೆ ಯಂತ್ರ ತಂದು ಇಡೀ ಕೆರೆ ಬಳ್ಕೊಂಡು ಹೋಗಿರೋರು. ನಿಯಮ ಸರಿಯಾಗೇ ಇದೆ. ಸರಿಯಾಗಿದೆಯಲ್ಲಾ ಅಂತಾನೇ ನನ್ನ ಹೊಟ್ಟೆ ಉರಿಯೋದು."

ಚೀಲಗಳು ಅವರ ಮನೆಯ ಹಜಾರದಲ್ಲೇ ಬಿದ್ದಿದ್ದವು. ಮನೆಯಲ್ಲಿ ಕೆರೆಯ ವಾಸನೆ, ತಾಯಿ ಮಗಳಿಗೆ ಮಾತಿಲ್ಲ. ಕೊನೆಗೊಂದು ಶನಿವಾರ ಅಜ್ಜಿ ಪಾರ್ಕಿಂಗ್ ಲಾಟಿನಲ್ಲಿ ಒಲೆ ಹೂಡಿ, ದೊಡ್ಡ ಕಬ್ಬಿಣದ ಬಾಣಲೆಯಲ್ಲಿ ಕಾಳು ಹುರಿಯತೊಡಗಿದರು. ನನಗೆ ಮೊರ ತರಲು ಹೇಳಿದ್ದರು. ಮಗಳು ಕೈಕಟ್ಟಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು.

"ನಾನ್ಯಾಕೆ ಬರ್ಲಿ? ನಾನು ಅಲ್ಲಿಯವಳಲ್ಲವಲ್ಲ."

"ಅವರ ನಿಯಮ ನೀರಿಗೆ. ಇದು ಬಾಣಲೆ."

ಅವಳು ಕದಲಲಿಲ್ಲ. ಅಜ್ಜಿಯ ಕೈ ಸೋತು ಕಾಳು ಸೀಯತೊಡಗಿತು. ಆಗ ಇಳಿದುಬಂದು ಸೌಟು ಕಿತ್ತುಕೊಂಡಳು. ಹುರಿದದ್ದನ್ನು ಟಬ್ಬಿಗೆ ಸುರಿದು, ಶೂ ಬಿಚ್ಚಿ, ಒಗೆದ ಕಾಲುಚೀಲ ಹಾಕಿಕೊಂಡು, ನನ್ನ ಹೆಗಲು ಹಿಡಿದು ಹೊಟ್ಟು ಬಿಡುವಂತೆ ತುಳಿದಳು. ನಾನು ಕೇರಿದೆ. ಅನ್ನಕ್ಕೆ ಹೊಗೆಯ ಘಮವಿತ್ತು. ಉಣ್ಣುತ್ತಲೇ ಅವಳು, ಇನ್ನೊಂದು ಸಲ ಆ ಕೆರೆಗೆ ತನ್ನನ್ನು ಕರೆಯಬಾರದು ಎಂದಳು. ಅಜ್ಜಿ ಆಗಲಿ ಎಂದು ತಲೆಯಾಡಿಸಿದರು.

ಮುಂದಿನ ವಾರವೇ ಅಜ್ಜಿ ನನ್ನನ್ನು ತಮ್ಮ ಹಳೆಯ ಕಾರಿನಲ್ಲಿ ಕೂರಿಸಿ ಕೀಲಿಕೈ ಕೊಟ್ಟರು. "ನಿನ್ನ ವೀಸಾ ಕೆಲಸ ಬೇಡ ಅನ್ನತ್ತೆ. ಕಾರು ಓಡಿಸ್ಬೇಡ ಅನ್ನತ್ತಾ?" ಯಜಮಾನರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಆದರೂ ಕಲಿತೆ. ಕೆಲಸದ ಪರವಾನಗಿ ಬರಲು ವರ್ಷಗಳೇ ಹಿಡಿದವು. ಆ ವರ್ಷಗಳಲ್ಲಿ ನನ್ನ ತಲೆ ಕೆಡದಂತೆ ಉಳಿಸಿದ್ದು ಅಜ್ಜಿಯ ಕಾರು. ಗಿಲ್‌ರಾಯ್ ಊರಿನವರೆಗೆ ಹೋಗಿ, ಬೆಳ್ಳುಳ್ಳಿ ಹೊಲಗಳನ್ನು ನೋಡಿ, ಅದೇ ಕೋಣೆಗಳಿಗೆ ಮರಳುತ್ತಿದ್ದೆ.

ದಶಕ ಮುಗಿಯುವ ಮುಂಚೆ ಅಜ್ಜಿ ಒಂದು ಆಗಸ್ಟಿನ ಕೊನೆಗೆ ತೀರಿಕೊಂಡರು. ಅವರ ಇಚ್ಛೆಯಂತೆ ಮಗಳು ಅವರನ್ನು ಆ ಊರಿಗೇ ಒಯ್ದು, ಕೆರೆ ಕಾಣುವ ದಿಬ್ಬದಲ್ಲಿ ಮಣ್ಣು ಮಾಡಿದಳು. ಆ ವಾರವೇ ಕೊಯ್ಲಿಗೆ ಕೆರೆ ತೆರೆದಿತ್ತಂತೆ. ಮಣ್ಣಾದ ಮೇಲೆ ಆ ಹಿರಿಯ ಅವಳನ್ನು ದಡಕ್ಕೆ ಕರೆದೊಯ್ದು, ತನ್ನ ದೋಣಿಯಿಂದ ಹಸಿಕಾಳು ಬಾಚಿ ಅವಳ ಬೊಗಸೆಗೆ ಸುರಿದನಂತೆ. ದೋಣಿ ಹತ್ತು ಎಂದು ಅವನು ಹೇಳಲಿಲ್ಲ. ಅವಳೂ ಕೇಳಲಿಲ್ಲ.