ಅಕ್ಕಿ ಚೀಲದ ರೆಕ್ಕೆ

ಹೊಟ್ಟೆಕಿಚ್ಚು ಎಂದರೆ ಏನೆಂದು ನನಗೆ ಸರಿಯಾಗಿ ಗೊತ್ತಾದದ್ದು ನರಿಕೊಂಬಿನ ಹೊಳೆಬದಿಯಲ್ಲಿ. ಕೊಕ್ಕೆಗೆ ನೂಲು ಸುತ್ತಿ, ರೆಕ್ಕೆ ಕಟ್ಟಿ, ನೀರ ಮೇಲೆ ತೇಲುವ ಹುಸಿ ನೊಣ ಮಾಡಿ ಮೀನು ಹಿಡಿಯುವ ಹುಚ್ಚು ಇಡೀ ಊರಿನಲ್ಲಿ ನನಗೊಬ್ಬನಿಗೇ ಇತ್ತು. ರೆಕ್ಕೆಗೆ ನಮ್ಮ ಮನೆಯ ಕೆಂಪು ಹುಂಜದ ಗರಿಯೇ ಆಗಬೇಕು. ಅಷ್ಟರಲ್ಲಿ ದುಬೈ ಬಿಟ್ಟು ಊರಿಗೆ ಬಂದ ಹಮೀದಾಕ ನನ್ನ ಪಕ್ಕದಲ್ಲೇ ಗಾಳ ಹಾಕಲು ಶುರುಮಾಡಿದರು. ಅವರ ನೊಣಕ್ಕೆ ಬಿಳಿ ನೈಲಾನಿನ ರೆಕ್ಕೆ.

"ಪ್ಲಾಸ್ಟಿಕ್ಕಿಗೆಲ್ಲ ನಮ್ಮ ನೇತ್ರಾವತಿಯ ಮೀನು ಬಾಯಿ ಹಾಕುವುದಿಲ್ಲ" ಎಂದೆ.

ಹಾಕಿತು. ಮತ್ತೆ ಮತ್ತೆ ಹಾಕಿತು. ನನ್ನ ಗರಿ ನೀರು ಕುಡಿದು ಮುಳುಗುತ್ತಿತ್ತು. ಅವರದು ಮುಸ್ಸಂಜೆಯಲ್ಲೂ ಬೆಳ್ಳಗೆ ತೇಲುತ್ತಿತ್ತು.

"ಸ್ವಲ್ಪ ನೈಲಾನ್ ಕೊಡ್ತೇನೆ, ತಕೋ ಮಾರಾಯ" ಎಂದರು.

"ಬೇಡ, ನನ್ನ ಹತ್ತಿರ ಉಂಟು" ಎಂದು ಸುಳ್ಳು ಹೇಳಿದೆ. ಮನೆಗೆ ಬಂದವನೇ ಅಕ್ಕಿಯ ಪ್ಲಾಸ್ಟಿಕ್ ಚೀಲದ ಬಿಳಿ ಎಳೆ ಬಿಚ್ಚಿ ರೆಕ್ಕೆ ಕಟ್ಟಿದೆ.

ಮುಂದಿನ ಭಾನುವಾರ ಎದೆಯುಬ್ಬಿಸಿ ಹೋದರೆ ಹಮೀದಾಕ ಆಗಲೇ ಮೀನು ಎಳೆಯುತ್ತಿದ್ದರು. ಅದರ ಬಾಯಲ್ಲಿ ಕೆಂಪು ಗರಿಯ ನೊಣ!

"ನಿನ್ನ ನೊಣ ನೀರಿಗೆ ಎಷ್ಟು ಹಗುರ ಇಳಿಯುತ್ತದೆ ಮಾರಾಯ, ಅದನ್ನು ನೋಡಿ ನನಗೆ ನಿದ್ದೆಯೇ ಬರ್ಲಿಲ್ಲ. ನಿನ್ನ ಅಮ್ಮನ ಹತ್ತಿರ ಗರಿ ಕೇಳಿದೆ. ಒಂದು ಹಿಡಿ ಕೊಟ್ಟರು."

ನನ್ನ ಅಕ್ಕಿ ಚೀಲದ ನೊಣ ಅಂಗಾತ ಬಿದ್ದು ತೇಲುತ್ತಾ ಹೋಯಿತು. ಒಂದು ಮೀನೂ ತಿರುಗಿ ನೋಡಲಿಲ್ಲ.

ಮನೆಗೆ ಬಂದಾಗ ಹುಂಜ ಕಾಳಿಗೆಂದು ಕಾಲಬಳಿ ಓಡಿ ಬಂತು.

"ಹೋಗು, ಹಮೀದಾಕನ ಹತ್ತಿರವೇ ಕೇಳು" ಎಂದೆ.