ಮಣ್ಣಿನಲ್ಲಿ ಉಳಿದ ಹಲ್ಲೆಲೂಯಾ: ಶ್ರೀ ಎಲ್ವಿನ್ ಟ್ರೆಗೆಂಬೊ ಅವರ ನಲವತ್ತಮೂರು ವರ್ಷ

ಅಮೆರಿಕದ ಸುಪೀರಿಯರ್ ಸರೋವರದ ದಕ್ಷಿಣ ದಡದ ಎಪಿಸ್ಕೋಪಲ್ ಸಭೆಗಳ ಚರಿತ್ರೆಯನ್ನು ಯಾರಾದರೂ ಬರೆದರೆ ಅದರಲ್ಲಿ ಬಿಷಪ್ಪರ ಹೆಸರುಗಳಿರುತ್ತವೆ, ಗುರುಗಳ ಹೆಸರುಗಳಿರುತ್ತವೆ, ಬಣ್ಣದ ಗಾಜಿನ ಕಿಟಕಿಗಳನ್ನು ದಾನ ಕೊಟ್ಟ ಗಣಿ ಮಾಲೀಕರ ಹೆಸರುಗಳಂತೂ ಇದ್ದೇ ಇರುತ್ತವೆ. ಆದರೆ ಆ ಬಿಷಪ್ಪರು ಜಾರಿ ಬೀಳದಂತೆ ಮೆಟ್ಟಿಲ ಮೇಲಿನ ಹಿಮ ಕೆರೆದವರು ಯಾರು, ಆ ಗುರುಗಳು ಉಪದೇಶ ಮಾಡುವಾಗ ಹಲ್ಲು ಕಟಕಟಿಸದಂತೆ ಬೆಳಗಿನ ಐದಕ್ಕೇ ಎದ್ದು ಬಾಯ್ಲರ್ ಹೊತ್ತಿಸಿದವರು ಯಾರು ಎಂಬುದರ ಬಗ್ಗೆ ಒಂದು ಸಾಲೂ ಸಿಗುವುದಿಲ್ಲ. ಚರ್ಚಿನ ಪರಿಚಾರಕ ವೃತ್ತಿಯೇ ಅಂಥದ್ದು. ಗಂಟೆ ಹೊಡೆಯುವುದು, ಗುಂಡಿ ತೋಡುವುದು, ನೆಲ ಒರೆಸುವುದು, ಬೀಗದ ಕೈ ಕಾಯುವುದು ಇವೆಲ್ಲ ಸರಿಯಾಗಿ ನಡೆದಷ್ಟು ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಈ ವೃತ್ತಿಯಲ್ಲಿ ನಲವತ್ತಮೂರು ವರ್ಷ ದುಡಿದು, ಎಪ್ಪತ್ತೈದನೆಯ ವಯಸ್ಸಿನಲ್ಲಿ ನಿವೃತ್ತರಾಗುತ್ತಿರುವ ಶ್ರೀ ಎಲ್ವಿನ್ ಟ್ರೆಗೆಂಬೊ ಅವರಿಗೆ ಅಭಿನಂದನ ಗ್ರಂಥವೊಂದು ಸಲ್ಲುತ್ತಿರುವುದು ಸಂತೋಷದ ಸಂಗತಿಯೇ.

ಸಂಪಾದಕ ಸಮಿತಿಯವರು ನನಗೆ ಬರೆದ ಪತ್ರದಲ್ಲಿ ‘ಹಗುರವಾದ ಹಬ್ಬದ ನೆನಪುಗಳಿರಲಿ, ಪೆನ್‌ರೋಸ್ ಊರಿನ ಸಂತ ಪಿರಾನ್ ಚರ್ಚನ್ನು ಮುಚ್ಚಿದ ವಿಷಯಕ್ಕೆ ಹೋಗಬೇಡಿ’ ಎಂದು ಸೂಚಿಸಿದ್ದಾರೆ. ಹಬ್ಬದ ನೆನಪುಗಳನ್ನೇ ಬರೆಯುತ್ತೇನೆ. ಅವು ಹಗುರವಾಗಿಲ್ಲದಿದ್ದರೆ ಅದಕ್ಕೆ ಹೊಣೆ ನಾನು. ಈ ಮಾತನ್ನು ಸೌಜನ್ಯಕ್ಕಾಗಿ ಆಡುತ್ತಿಲ್ಲ, ಏಕೆಂಬುದು ಮುಂದೆ ತಿಳಿಯುತ್ತದೆ.

ಶ್ರೀಯುತರು ನಮ್ಮ ಸಂತ ಪಿರಾನ್ ಚರ್ಚಿಗೆ ಬಂದಾಗ ಅವರಿಗೆ ಮೂವತ್ತೆರಡು, ನನಗೆ ಎಂಟು. ತಾತ ಮುತ್ತಾತಂದಿರು ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ತಾಮ್ರದ ಗಣಿಗೆಂದು ಬಂದ ಮನೆತನ ಅವರದು. ಗಣಿ ಮುಚ್ಚಿದ ಮೇಲೆ ಊರಿನ ಅರ್ಧ ಗಂಡಸರು ಡೆಟ್ರಾಯಿಟ್ ದಾರಿ ಹಿಡಿದರು. ಅದೇ ಗಣಿಯಲ್ಲಿ ದುಡಿದಿದ್ದ ಇವರು ಅಲ್ಲಿ ಇಲ್ಲಿ ಕೂಲಿ ಮಾಡಿಕೊಂಡಿದ್ದು, ಕೊನೆಗೆ ಚರ್ಚಿನ ನೆಲಮಾಳಿಗೆಯ ಬಾಯ್ಲರಿನ ಮುಂದೆ ನಿಂತರು. ಅವರ ಹೆಂಡತಿ ಮಾವಿಸ್ ಹೊಲಿಗೆಯಲ್ಲಿ ಎತ್ತಿದ ಕೈ. ಬಂದ ಮೊದಲ ಚಳಿಗಾಲದಲ್ಲೇ ಆಕೆ ಬಿಳಿ ಬಟ್ಟೆಯ ಮೇಲೆ ಚಿನ್ನದ ಬಣ್ಣದ ದಾರದಿಂದ ‘ಹಲ್ಲೆಲೂಯಾ’ ಎಂದು ಕಸೂತಿ ಹಾಕಿ ಒಂದು ಪತಾಕೆ ಮಾಡಿದರು. ಅದನ್ನಿಡಲು ಎಲ್ವಿನ್ ಅವರು ಗಣಿಯ ಹಳೆಯ ತಾಮ್ರದ ತಗಡನ್ನು ಬಡಿದು ಪೆಟ್ಟಿಗೆ ಮಾಡಿದರು.

ನಮ್ಮಲ್ಲಿ ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ತಪಸ್ಸಿನ ಕಾಲದಲ್ಲಿ, ದೇವರಿಗೆ ಸ್ತೋತ್ರ ಎಂದು ಸಾರುವ ಹಲ್ಲೆಲೂಯಾ ಎಂಬ ಮಾತನ್ನು ಆಡುವುದಿಲ್ಲ, ಹಾಡುವುದಿಲ್ಲ. ಆ ಕಾಲ ಶುರುವಾಗುವ ಹಿಂದಿನ ದಿನ ಮಂಗಳವಾರ ಸಂಜೆ ಎಲ್ಲರೂ ಹೊಟ್ಟೆ ಬಿರಿಯುವಂತೆ ಪ್ಯಾನ್‌ಕೇಕ್ ತಿಂದು, ಪತಾಕೆಯನ್ನು ಪೆಟ್ಟಿಗೆಯಲ್ಲಿಟ್ಟು, ಮಕ್ಕಳ ಮೆರವಣಿಗೆಯಲ್ಲಿ ಹಿತ್ತಿಲಿಗೆ ಒಯ್ದು, ಲೈಲಾಕ್ ಗಿಡದ ಬುಡದಲ್ಲಿ ಹೂಳುತ್ತಿದ್ದೆವು. ಆದರೆ ಫೆಬ್ರವರಿಯಲ್ಲಿ ನಮ್ಮ ಕಡೆಯ ನೆಲ ಕಬ್ಬಿಣದಂತಿರುತ್ತದೆ. ಚಳಿಗಾಲದಲ್ಲಿ ಸತ್ತವರನ್ನೇ ಹೂಳಲಾಗದೆ ಸ್ಮಶಾನದ ಕಲ್ಲುಕೋಣೆಯಲ್ಲಿ ಮೇ ತಿಂಗಳವರೆಗೆ ಇಟ್ಟಿರುತ್ತೇವೆ. ಅದಕ್ಕೇ ಶ್ರೀಯುತರು ಪ್ರತಿ ನವೆಂಬರ್‌ನಲ್ಲಿ, ನೆಲ ಹೆಪ್ಪುಗಟ್ಟುವ ಮೊದಲೇ, ಎರಡಡಿಯ ಗುಂಡಿ ತೋಡಿ, ಹುಲ್ಲು ತುಂಬಿ, ಮೇಲೆ ಹಲಗೆ ಮುಚ್ಚಿ ಬಿಡುತ್ತಿದ್ದರು. ಒಂದು ಮೂಟೆ ಮರಳನ್ನು ಬಾಯ್ಲರಿನ ಪಕ್ಕದಲ್ಲಿ ಒಣಗಲು ಇಡುತ್ತಿದ್ದರು.

“ಮಣ್ಣು ಮುಚ್ಚಿದ್ರೆ ಕಲ್ಲಾಗ್ಬಿಡುತ್ತೆ. ಒಣ ಮರಳು ಹಾಗಲ್ಲ, ಈಸ್ಟರ್ ದಿನ ಕೈಯಲ್ಲೇ ಬಾಚಬೋದು,” ಎಂದು ಮೊದಲ ವರ್ಷವೇ ನಮಗೆ ತೋರಿಸಿಕೊಟ್ಟರು. “ಒಂದ್ಸಲ ಹೂತಾಯ್ತು ಅಂದ್ರೆ, ತೆಗೆಯೋವರೆಗೂ ಆ ಮಾತು ಯಾರ ಬಾಯಲ್ಲೂ ಬರಬಾರದು. ತಮಾಷೆಗೂ ಇಲ್ಲ.”

“ಸ್ನಾನದ ಮನೇಲಿ ಹಾಡ್ಕೊಂಡ್ರೆ?” ಎಂದು ನಾನು ಕೇಳಿದ್ದೆ.

“ನಿನ್ನ ಹಾಡು ಕೇಳಿದ್ದೀನಿ, ಕಾನಿ. ಸ್ನಾನದ ಮನೇಲಿ ಮಾತ್ರ ಅಲ್ಲ, ಎಲ್ಲೂ ಬೇಡ.”

ಹೀಗೆ ವರ್ಷದ ಚಕ್ರವನ್ನು ನಲವತ್ತು ವರ್ಷ ತಿರುಗಿಸಿದವರು ಅವರು. ಕ್ರಿಸ್‌ಮಸ್ಸಿನ ಹಸಿರು ತೋರಣಕ್ಕೆ ಕಾಡಿನಿಂದ ಬಾಲ್ಸಮ್ ಫರ್ ಮರದ ಕೊಂಬೆ ಕಡಿದು ತಂದವರು ಅವರೇ, ಎರಡು ವಾರದ ಮೇಲೆ ಬೆಂಚಿನ ಸಂದಿಯಿಂದ ಅದರ ಸೂಜಿಯೆಲೆಗಳನ್ನು ಆರಿಸಿದವರೂ ಅವರೇ. ಹಿಂದಿನ ವರ್ಷದ ಗರಿಗಳ ಭಾನುವಾರ ಹಂಚಿದ್ದ ತಾಳೆಗರಿಗಳನ್ನು ಕಾಫಿ ಡಬ್ಬದಲ್ಲಿ ಸುಟ್ಟು, ಬೂದಿ ಬುಧವಾರದ ಬೂದಿಯನ್ನು ಜರಡಿ ಹಿಡಿದವರು ಅವರು. ಹೆಂಗಸರು ಮಾಂಸ, ತರಕಾರಿ ತುಂಬಿದ ಕಡುಬಿನಂಥ ಪ್ಯಾಸ್ಟಿ ಮಾಡಿ ಮಾರುವ ಶನಿವಾರಗಳಲ್ಲಿ ಅಡುಗೆಮನೆಯೊಳಗೆ ಪ್ರವೇಶವಿದ್ದ ಏಕೈಕ ಗಂಡಸೂ ಅವರೇ. ಟರ್ನಿಪ್ಪನ್ನು ಅವರಷ್ಟು ಸಣ್ಣಗೆ ಹೆಚ್ಚುವವರು ಇರಲಿಲ್ಲ. ಸಂತ ಫ್ರಾನ್ಸಿಸರ ದಿನ ಪ್ರಾಣಿಗಳಿಗೆ ಆಶೀರ್ವಾದ ಮಾಡಲು ಬಂದ ಬಿಷಪ್ಪರ ನಿಲುವಂಗಿಯ ಅಂಚನ್ನು ಒಂದು ಆಡು ಅಗಿಯತೊಡಗಿದಾಗ, ಸಭೆಯೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ, ಅದರ ಮೂಗಿಗೆ ಎರಡು ಬೆರಳು ಕೊಟ್ಟು ಬಟ್ಟೆ ಬಿಡಿಸಿದವರು ಅವರು. “ಆಶೀರ್ವಾದ ಕೊಂಚ ಹೆಚ್ಚೇ ತಗೊಳ್ತು, ಸ್ವಾಮಿ,” ಎಂದರು. ಬಿಷಪ್ಪರೂ ನಕ್ಕರು.

ನನಗೆ ಸಂಬಂಧಿಸಿದ ಒಂದು ಉಪಕಾರವನ್ನು ಇಲ್ಲಿ ದಾಖಲಿಸಬೇಕು. ನನ್ನ ತಂದೆ ತೀರಿಕೊಂಡದ್ದು ಜನವರಿಯಲ್ಲಿ. ಶವಪೆಟ್ಟಿಗೆ ಕಲ್ಲುಕೋಣೆಯಲ್ಲಿತ್ತು. ಅಮ್ಮ ಪ್ರತಿ ಭಾನುವಾರ ಆರಾಧನೆಯ ನಂತರ ಅದರ ಬಾಗಿಲ ಬಳಿ ಐದು ನಿಮಿಷ ನಿಂತು ಬರುತ್ತಿದ್ದಳು. ಆ ವರ್ಷ ಸೊಂಟದ ಮಟ್ಟ ಹಿಮ ಬಿದ್ದರೂ ದಾರಿ ಪ್ರತಿ ಭಾನುವಾರ ತೆರವಾಗಿರುತ್ತಿತ್ತು. ಪುರಸಭೆಯವರು ಮಾಡಿಸುತ್ತಾರೆಂದೇ ನಾವು ತಿಳಿದಿದ್ದೆವು. ಅದು ಪುರಸಭೆಯ ಕೆಲಸವಲ್ಲ, ಶ್ರೀಯುತರು ಬಾಯ್ಲರ್ ಹೊತ್ತಿಸಿ ಒಂದು ಮೈಲಿ ನಡೆದು ಹೋಗಿ ಸನಿಕೆ ಹಿಡಿಯುತ್ತಿದ್ದರು ಎಂಬುದು ನನಗೆ ಗೊತ್ತಾದದ್ದು ಅಮ್ಮನೂ ಹೋದ ಮೇಲೆ. ಅವರಾಗಿ ಹೇಳಲಿಲ್ಲ.

ಹನ್ನೆರಡು ವರ್ಷದ ಹಿಂದೆ ಮಾವಿಸ್ ಅವರು ತಪಸ್ಸಿನ ಕಾಲದ ಮೂರನೆಯ ವಾರದಲ್ಲಿ ನಿಧನರಾದರು. ನಮ್ಮ ಶವಸಂಸ್ಕಾರದ ಪ್ರಾರ್ಥನೆಯಲ್ಲಿ ಸಮಾಧಿಯ ಅಂಚಿನಲ್ಲೂ ಹಲ್ಲೆಲೂಯಾ ಎಂದು ಹೇಳುವ ಒಂದು ಸಾಲಿದೆ. ಗುರುಗಳು ಸಂಕೋಚದಿಂದಲೇ ಕೇಳಿದರು, “ಎಲ್ವಿನ್, ಈ ಸಲ ಹೇಳಿಬಿಡೋಣವಾ? ದೇವರೇನೂ ಬೇಜಾರು ಮಾಡ್ಕೊಳ್ಳಲ್ಲ.”

“ದೇವರಲ್ಲ, ಮಾವಿಸ್ ಬೇಜಾರು ಮಾಡ್ಕೋತಾಳೆ. ಅವಳು ಹೊಲಿದಿದ್ದು ಮಣ್ಣಲ್ಲಿದೆ. ಈಸ್ಟರ್ ಬರ್ಲಿ.”

ಆ ಈಸ್ಟರ್ ಬೆಳಿಗ್ಗೆ ಪೆಟ್ಟಿಗೆಯನ್ನು ಹೊರತೆಗೆದು, ಪತಾಕೆ ಬಿಡಿಸಿ, ಹೆಂಡತಿಗೆ ಸಲ್ಲಬೇಕಾಗಿದ್ದ ಆ ಒಂದು ಮಾತನ್ನು ಅವರು ಎಷ್ಟು ಗಟ್ಟಿಯಾಗಿ ಹಾಡಿದರೆಂದರೆ ಆರ್ಗನ್ ನುಡಿಸುತ್ತಿದ್ದವರು ತಿರುಗಿ ನೋಡಿದರು. ಆ ದನಿ ಇನ್ನೂ ನನ್ನ ಕಿವಿಯಲ್ಲಿದೆ.

ಇನ್ನು ಸಮಿತಿಯವರು ಬೇಡವೆಂದ ಭಾಗ. ಸಂತ ಪಿರಾನ್ ಸಭೆಯಲ್ಲಿ ಕೊನೆಗೆ ಉಳಿದವರು ಇಪ್ಪತ್ತಮೂರು ಜನ. ಮಾಡು ಸೋರುತ್ತಿತ್ತು. ಇಪ್ಪತ್ತು ಮೈಲಿ ದೂರದ ಪಟ್ಟಣದ ಸಂತ ಲೂಕರ ಸಭೆಯೊಡನೆ ವಿಲೀನವಾಗುವುದು, ಕಟ್ಟಡ ಮತ್ತು ನೆಲವನ್ನು ಮಾರುವುದು ಎಂದು ಜನವರಿಯಲ್ಲಿ ಆಡಳಿತ ಮಂಡಳಿ ತೀರ್ಮಾನಿಸಿತು. ಮಂಡಳಿಯ ಹಿರಿಯ ವಾರ್ಡನ್ ನಾನು. ಕೈ ಎತ್ತಿದವರಲ್ಲಿ ಮೊದಲಿಗಳೂ ನಾನೇ. ತೀರ್ಮಾನ ತಪ್ಪೆಂದು ಇಂದಿಗೂ ನನಗೆ ಅನ್ನಿಸುವುದಿಲ್ಲ. ಆದರೆ ಪ್ಯಾನ್‌ಕೇಕ್ ಊಟದ ಸಂತೋಷ ಕೆಡುವುದು ಬೇಡವೆಂದು ಸುದ್ದಿಯನ್ನು ಆ ಊಟದ ಮರು ಭಾನುವಾರದವರೆಗೆ ಮುಚ್ಚಿಟ್ಟೆವು. ನಲವತ್ತು ವರ್ಷ ಬಾಗಿಲು ತೆರೆದವರಿಗೆ ಆ ಬಾಗಿಲು ಮುಚ್ಚುತ್ತದೆಂಬುದು ಗೊತ್ತಿರಲಿಲ್ಲ, ಮಂಡಳಿಯ ನಮಗೆಲ್ಲ ಗೊತ್ತಿತ್ತು. ಆ ಮಂಗಳವಾರ ನಾನು ಮೂರು ಪ್ಯಾನ್‌ಕೇಕ್ ತಿಂದೆ. ಶ್ರೀಯುತರು ಪೆಟ್ಟಿಗೆಯ ಮೇಲೆ ಮರಳು ಸುರಿಯುತ್ತಾ, “ಈ ವರ್ಷ ಮರಳು ಚೆನ್ನಾಗಿ ಒಣಗಿದೆ, ಈಸ್ಟರ್‌ಗೆ ಸಲೀಸಾಗಿ ಬರುತ್ತೆ,” ಎಂದಾಗ, “ಹೌದು ಹೌದು,” ಎಂದೆ.

ಕೊನೆಯ ಆರಾಧನೆ ತಪಸ್ಸಿನ ಕಾಲದ ನಾಲ್ಕನೆಯ ಭಾನುವಾರ ನಡೆಯಿತು. ಅಂದು ಶ್ರೀಯುತರಿಗೆ ಒಂದು ಗೋಡೆ ಗಡಿಯಾರ ಕೊಟ್ಟೆವು. ನಲವತ್ತು ವರ್ಷ ಹೊತ್ತಿಗೆ ಸರಿಯಾಗಿ ಗಂಟೆ ಹೊಡೆದವರಿಗೆ ಗಡಿಯಾರ ಕೊಡುವ ಜಾಣತನ ನಮ್ಮದು. ಎಲ್ಲ ಮುಗಿದ ಮೇಲೆ ನಾನು ಹಿತ್ತಿಲಲ್ಲಿ ಅವರಿಗೆ ಹೇಳಿದೆ, “ಪೆಟ್ಟಿಗೆ ಇವತ್ತೇ ತೆಗೆದುಬಿಡಿ ಎಲ್ವಿನ್. ನಾಳೆ ಬೀಗದ ಕೈ ಚರ್ಚು ಕೊಂಡವರಿಗೆ ಹೋಗುತ್ತೆ.”

“ಇವತ್ತು ಹೇಗಮ್ಮ ತೆಗೆಯೋದು? ಇನ್ನೂ ಈಸ್ಟರ್ ಆಗಿಲ್ಲ.”

“ಆಮೇಲೆ ಇದು ನಮ್ಮ ಜಾಗ ಆಗಿರಲ್ಲ.”

“ಒಂದು ಬೆಳಿಗ್ಗೆ, ಹತ್ತು ನಿಮಿಷ. ಕೇಳಿದ್ರೆ ಬೇಡ ಅಂತಾರಾ? ನೀನು ಕೇಳಿ ನೋಡು, ಮಗಳೇ.”

“ಕೇಳ್ತೀನಿ. ಅದು ನನ್ನ ಜವಾಬ್ದಾರಿ,” ಎಂದೆ.

ಕೇಳಲಿಲ್ಲ. ಇದಕ್ಕೆ ಚಂದದ ಕಾರಣಗಳನ್ನು ಹುಡುಕಿ ಸಾಕಾಗಿದೆ. ಮೂರು ವಾರ ಸಮಯವಿತ್ತು. ವಿಲೀನದ ಸಂಭ್ರಮ, ಹೊಸ ಪತಾಕೆ, ಹೊಸ ಹಾಡಿನ ಪಟ್ಟಿ ಎಂದು ಓಡಾಡಿಕೊಂಡಿದ್ದೆ. ಈಸ್ಟರ್ ಹಿಂದಿನ ಶನಿವಾರ ಮಧ್ಯಾಹ್ನ ಸಂತ ಲೂಕರ ಚರ್ಚಿನಲ್ಲಿ ಲಿಲ್ಲಿ ಹೂವಿನ ಕುಂಡಗಳನ್ನು ಜೋಡಿಸುವಾಗ ತಟ್ಟನೆ ನೆನಪಾಯಿತು. ಕೊಂಡವರಿಗೆ ಒಮ್ಮೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಇನ್ನೊಮ್ಮೆ ಮಾಡಲಿಲ್ಲ. ಒಂದು ತುಂಡು ಬಟ್ಟೆ ತಾನೆ, ಎಲ್ವಿನ್ ಒಳ್ಳೆಯವರು, ಅರ್ಥ ಮಾಡಿಕೊಳ್ಳುತ್ತಾರೆ ಎಂದು ಮತ್ತೆ ಹೂವಿನ ಕೆಲಸಕ್ಕೆ ತಿರುಗಿದೆ. ಒಳ್ಳೆಯವರಿಗೆ ನಾವು ಮಾಡುವುದು ಯಾವಾಗಲೂ ಇಷ್ಟೇ.

ಈಸ್ಟರ್ ಬೆಳಿಗ್ಗೆ ಏಳಕ್ಕೆ ಅವರು ಸನಿಕೆ ಹಿಡಿದು ಸಂತ ಪಿರಾನ್ ಹಿತ್ತಿಲಿಗೆ ಹೋದರು. ಸುತ್ತ ತಂತಿ ಬೇಲಿ, ಗೇಟಿಗೆ ಬೀಗ. ಬೇಲಿ ಎದೆಮಟ್ಟದ್ದು, ಗಣಿಯಲ್ಲಿ ದುಡಿದ ಮೈಗೆ ಅದು ದೊಡ್ಡದಲ್ಲ. ಅವರು ಹತ್ತಲಿಲ್ಲ. ಅಪ್ಪಣೆ ಸಿಕ್ಕಿರುತ್ತದೆ, ಯಾರೋ ಬಂದು ತೆರೆಯುತ್ತಾರೆ ಎಂದು ಎರಡು ಗಂಟೆ ಕಾದರು. ಆಮೇಲೆ ಇಪ್ಪತ್ತು ಮೈಲಿ ಗಾಡಿ ಓಡಿಸಿಕೊಂಡು ಬಂದು ಸಂತ ಲೂಕರ ಚರ್ಚಿನ ಕೊನೆಯ ಬೆಂಚಿನಲ್ಲಿ ನಿಂತರು. ಗುರುಗಳು ಕೂಗಿದರು, ಎಲ್ಲರೂ ಕೈಗಂಟೆ ಬಾರಿಸಿದರು, ಹಲ್ಲೆಲೂಯಾ ಎಂದು ಇಡೀ ಚರ್ಚು ಮೊಳಗಿತು. ಬಾಗಿಲಲ್ಲಿ ಹಾಡಿನ ಹಾಳೆ ಹಂಚುತ್ತಿದ್ದ ನಾನು ಅವರ ಮುಖ ನೋಡಿದೆ. ಅವರ ತುಟಿ ಅಲುಗಲಿಲ್ಲ.

ಮೇ ತಿಂಗಳಲ್ಲಿ ಲೈಲಾಕ್ ಗಿಡವನ್ನು ಕಿತ್ತರು. ಹಿತ್ತಿಲನ್ನು ಸಮ ಮಾಡಿ, ಟಾರು ಹಾಕಿ, ಕಾರು ನಿಲ್ಲಿಸುವ ಜಾಗ ಮಾಡಿದರು. ಆಗ, ಎಲ್ಲ ಮುಗಿದ ಮೇಲೆ, ನಾನು ಹೋಗಿ ವಿಚಾರಿಸಿದೆ. ಆಳಕ್ಕೆ ಅಗೆದಿಲ್ಲ, ಇದ್ದದ್ದರ ಮೇಲೇ ಹಾಕಿದ್ದೇವೆ ಎಂದರು. ಪೆಟ್ಟಿಗೆ ಅಲ್ಲೇ ಇದೆ.

ಶ್ರೀಯುತರು ಆನಂತರ ಮೂರು ವರ್ಷ ಸಂತ ಲೂಕರ ಚರ್ಚಿನಲ್ಲಿ ಅದೇ ನಿಷ್ಠೆಯಿಂದ ದುಡಿದರು. ಇಲ್ಲಿ ಪತಾಕೆಯನ್ನು ಹೂಳುವುದಿಲ್ಲ, ಬೀರುವಿನಲ್ಲಿಡುತ್ತಾರೆ. ಅದಕ್ಕೆ ಬೀಗ ಹಾಕುವವರೂ ಈಸ್ಟರ್ ದಿನ ತೆರೆಯುವವರೂ ಅವರೇ. ಆದರೆ ಆ ಮಾತನ್ನು ಅವರು ಆಡಿದ್ದನ್ನು ಯಾರೂ ಕೇಳಿಲ್ಲ. ಸಮಿತಿಯ ಸದಸ್ಯರೊಬ್ಬರು, “ಪಾಪ, ವಯಸ್ಸಾಯ್ತಲ್ಲ, ಪ್ರಾರ್ಥನೆ ಮರೆತು ಹೋಗುತ್ತೆ,” ಎಂದು ನನ್ನ ಬಳಿ ಕನಿಕರ ತೋರಿಸಿದರು. ಅವರು ಏನನ್ನೂ ಮರೆತಿಲ್ಲ. ಮರೆತವರು ಯಾರೆಂಬುದು ನನಗೆ ಗೊತ್ತು.

ಈ ಲೇಖನ ಬರೆಯಲು ಕೂರುವ ಮೊದಲು ಅವರ ಮನೆಗೆ ಹೋಗಿದ್ದೆ. ಚಹಾ ಕೊಟ್ಟರು, ಕಾಡುಹಣ್ಣಿನ ಜಾಮ್ ಕೊಟ್ಟರು. ನಾವು ಕೊಟ್ಟ ಗಡಿಯಾರ ಗೋಡೆಯ ಮೇಲೆ ಸರಿಯಾದ ಹೊತ್ತು ತೋರಿಸುತ್ತಿತ್ತು.

“ನನ್ನ ಮೇಲೆ ಕೋಪ ಇದೆಯಾ ಎಲ್ವಿನ್?” ಎಂದು ಕೇಳಿದೆ.

“ಕೋಪ ಯಾಕಮ್ಮ?” ಎಂದರು. “ತೆಗೆದಿಲ್ಲ, ಅಷ್ಟೇ. ತೆಗೆಯೋವರೆಗೂ ಅನ್ನಬಾರದು ಅಂತ ನಿಮಗೆಲ್ಲ ನಾನೇ ಹೇಳ್ಕೊಟ್ಟಿದ್ದಲ್ವಾ. ಈಗ ನಾನೇ ಅಂದ್ರೆ ಹೇಗೆ?”

ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು.

ಅಭಿನಂದನ ಸಮಾರಂಭದ ಕೊನೆಯಲ್ಲಿ ಹಾಡಲು ಸಮಿತಿಯವರು ಆರಿಸಿರುವ ಕೀರ್ತನೆಯ ಪ್ರತಿ ಸಾಲಿನ ತುದಿಯಲ್ಲೂ ಆ ಮಾತಿದೆ. ಸನ್ಮಾನಿತರು ಅದನ್ನು ಹಾಡುವುದಿಲ್ಲ. ಅವರ ಪಕ್ಕದಲ್ಲಿ ನಿಲ್ಲುವ ನಾನೂ ಹಾಡುವುದಿಲ್ಲ. ದಯವಿಟ್ಟು ಯಾರೂ ನಮ್ಮ ಕೈಗೆ ಹಾಡಿನ ಹಾಳೆ ತುರುಕಬೇಡಿ.

ಇಂಥ ಲೇಖನಗಳನ್ನು ದೀರ್ಘಾಯುಷ್ಯದ ಹಾರೈಕೆಯೊಂದಿಗೆ ಮುಗಿಸುವುದು ವಾಡಿಕೆ. ನಾನು ಲೆಕ್ಕ ಹಾಕಿಯೇ ಹಾರೈಸುತ್ತಿದ್ದೇನೆ. ನಮ್ಮ ಕಡೆಯ ಚಳಿಗೆ ಟಾರು ಎಷ್ಟು ದಿನ ಬಾಳಿಕೆ ಬರುತ್ತದೆಂದು ರಸ್ತೆ ಕೆಲಸದವರನ್ನು ಕೇಳಿದೆ. ಹದಿನೈದು ವರ್ಷ, ಆಮೇಲೆ ಬಿರುಕು ಬಿಟ್ಟು ಎಬ್ಬಿಸಲೇಬೇಕು ಎಂದರು. ಹಾಕಿ ಮೂರು ವರ್ಷವಾಯಿತು, ಉಳಿದದ್ದು ಹನ್ನೆರಡು. ಕೊಂಡವರ ಬಳಿ ಹೋಗಿ, ಎಬ್ಬಿಸುವ ದಿನ ನಮಗೆ ಹತ್ತು ನಿಮಿಷ ಕೊಡಬೇಕೆಂದು ಈ ಸಲ ಬರವಣಿಗೆಯಲ್ಲೇ ಪಡೆದಿದ್ದೇನೆ. ತಾಮ್ರದ ಪೆಟ್ಟಿಗೆಗೆ ಅಲ್ಲಿಯವರೆಗೆ ಏನೂ ಆಗುವುದಿಲ್ಲ. ಆಗ ಶ್ರೀಯುತರಿಗೆ ಎಂಬತ್ತೇಳು. ಅವರು ಎಂಬತ್ತೇಳು ವರ್ಷ ಬದುಕಲಿ, ಒಂದು ದಿನವೂ ಕಡಿಮೆಯಾಗದಿರಲಿ. ಅವರು ಕೈಯಾರೆ ಮಾಡಬೇಕಾದ ಕೆಲಸ ಇನ್ನೂ ಒಂದು ಬಾಕಿ ಇದೆ. ಸನಿಕೆಯನ್ನು ನಾನು ತರುತ್ತೇನೆ.